ಕೊರಳಲ್ಲಿ ವಿಳಾಸ ಹೊತ್ತ ಹೆಬ್ಬಾತು

ಮಾಗಿಯ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ ಕಡಲೆಯ ಹೊಲಗಳು ಇಬ್ಬನಿಯಲ್ಲಿ ತೊಯ್ದು ನಿಂತಿರುತ್ತವೆ. ಶೇಂಗಾ ಕಿತ್ತ ಹೊಲಗಳಲ್ಲಿ ಆಳಿನ ಕಣ್ಣು ತಪ್ಪಿಸಿಕೊಂಡ ಕಾಯಿಗಳು ಮಣ್ಣಿನಲ್ಲಿಯೇ ಉಳಿದಿರುತ್ತವೆ. ಬೆಳಕು ಹರಿಯುವ ಹೊತ್ತಿಗೆ ತುಂಗಭದ್ರೆಯ ಹಿನ್ನೀರಿನ ದಿಕ್ಕಿನಿಂದ ಮೂಗಿನಲ್ಲಿ ನುಡಿದಂತಹ ಒಂದು ಕೂಗು ಕೇಳಿಬರುತ್ತದೆ. ತಲೆಯೆತ್ತಿ ನೋಡಿದರೆ, ಬಾಣದ ಮೊನೆಯಂತೆ ಸಾಲುಗಟ್ಟಿ ಹಾರುವ ಬೂದುಬಣ್ಣದ ದೊಡ್ಡ ಹಕ್ಕಿಗಳು. ಬೆಳ್ಳನೆಯ ತಲೆ, ಆ ತಲೆಯ ಹಿಂಬದಿಯಲ್ಲಿ ಕಾಡಿಗೆಯಿಂದ ಎಳೆದಂತೆ ಎರಡು ಕರಿಯ ಪಟ್ಟೆಗಳು. ಪಟ್ಟೆತಲೆಯ ಹೆಬ್ಬಾತು ಎಂದು ಪಕ್ಷಿತಜ್ಞರು ಕರೆಯುವ ಹಕ್ಕಿ ಇದು. ಹಳ್ಳಿಯವರಿಗೆ ಅದು ಚಳಿಗಾಲದ ಬಾತು, ಅಷ್ಟೆ. ದೀಪಾವಳಿ ಕಳೆದ ಮೇಲೆ ಬರುತ್ತದೆ, ಶಿವರಾತ್ರಿ ಮುಗಿದ ಮೇಲೆ ಕಾಣುವುದಿಲ್ಲ.

ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ತಲೆಮಾರುಗಳಿಂದ ಈ ಪ್ರಶ್ನೆಗೆ ದೊರೆಯುತ್ತಿದ್ದ ಉತ್ತರ ಒಂದೇ: ಉತ್ತರ ದಿಕ್ಕಿಗೆ ಕೈ ತೋರಿಸುವುದು. ಆ ಕೈಯ ತುದಿಯಿಂದ ಆಚೆಗೆ ಇರುವ ನಾಲ್ಕೈದು ಸಾವಿರ ಕಿಲೋಮೀಟರುಗಳ ದಾರಿಯನ್ನು ಮನುಷ್ಯನು ಅಳೆದದ್ದು ತೀರ ಈಚೆಗೆ. ಅದೂ ಹಕ್ಕಿಯ ಕೊರಳಿಗೊಂದು ಪಟ್ಟಿಯನ್ನೋ ಬೆನ್ನಿಗೊಂದು ಯಂತ್ರವನ್ನೋ ಕಟ್ಟಿದ ಮೇಲೆ.

ಬರದ ಸೀಮೆಯ ನೀರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ—ಈ ಐದು ಹೆಸರುಗಳನ್ನು ಕೇಳಿದವರಿಗೆ ಹಕ್ಕಿಗಳ ನೆನಪು ಬರುವುದು ಅಪರೂಪ. ಕೊಟ್ಟೂರೇಶ್ವರನ ತೇರು, ಹಡಗಲಿಯ ಮಲ್ಲಿಗೆ, ಮೈಲಾರದ ಕಾರ್ಣಿಕ, ಕೂಡ್ಲಿಗಿಯ ಗುಡೇಕೋಟೆ ಬೆಟ್ಟದ ಕರಡಿ ನೆನಪಾಗಬಹುದು. ಅದಕ್ಕಿಂತ ಮೊದಲು ಬರಗಾಲ ನೆನಪಾಗುತ್ತದೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದ, ೨೦೨೧ರಿಂದ ವಿಜಯನಗರ ಜಿಲ್ಲೆಯಾಗಿ ನಿಂತಿರುವ ಈ ತಾಲ್ಲೂಕುಗಳಲ್ಲಿ ಮಳೆ ನಂಬುವಂತಹುದಲ್ಲ. ನಂಬಿಕೆಯಿಲ್ಲದ ಮಳೆಯನ್ನು ಹಿಡಿದಿಟ್ಟುಕೊಳ್ಳಲೆಂದೇ ಹಿಂದಿನವರು ಊರೂರಿಗೆ ಕೆರೆ ಕಟ್ಟಿದರು; ಕಟ್ಟಿದ ಕೆರೆಗೆ ಸಮುದ್ರವೆಂದು ಹೆಸರಿಡುವಷ್ಟು ಧಾರಾಳವನ್ನೂ ತೋರಿಸಿದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಅಂತಹ ಒಂದು ಊರು, ಅಂತಹ ಒಂದು ಕೆರೆ.

ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ ಈ ಕೆರೆಯ ವಿಸ್ತಾರ ೨೪೪ ಎಕರೆಗೆ ಕೊಂಚ ಹೆಚ್ಚು. ಕೆರೆಯ ಅಂಗಳದಲ್ಲಿ ಕರಿಜಾಲಿಯ ಮರಗಳು ಬೆಳೆದು ನಿಂತಿವೆ. ನೀರು ತುಂಬಿದಾಗ ಮರಗಳ ಬುಡ ಮುಳುಗಿ, ಮುಳ್ಳಿನ ಕೊಂಬೆಗಳಷ್ಟೇ ನೀರಿನ ಮೇಲೆ ಉಳಿಯುತ್ತವೆ. ನಾಯಿ, ನರಿ, ಬೆಕ್ಕುಗಳು ಈಜಿ ಹೋಗಿ ಹತ್ತಲಾರದ ಈ ಮುಳ್ಳುಕೊಂಬೆಗಳಿಗಿಂತ ಒಳ್ಳೆಯ ಬಾಣಂತಿಕೋಣೆ ನೀರುಹಕ್ಕಿಗೆ ಎಲ್ಲಿ ಸಿಕ್ಕೀತು? ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ, ಕರಿತಲೆಯ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಇಲ್ಲಿ ಗೂಡು ಕಟ್ಟುತ್ತವೆ, ಇರುಳು ಬಂದು ತಂಗುತ್ತವೆ. ಎಣಿಸಿದವರ ಲೆಕ್ಕದಲ್ಲಿ ೨೪೦ ಬಗೆಯ ಹಕ್ಕಿಗಳು ಇಲ್ಲಿ ಕಂಡಿವೆ; ಗೂಡುಕಟ್ಟುವ ಮತ್ತು ತಂಗುವ ನೀರುಹಕ್ಕಿಗಳ ಸಂಖ್ಯೆ ಮೂವತ್ತು ಸಾವಿರವನ್ನು ಮೀರುತ್ತದೆ. ೨೦೧೭ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ೨೦೨೪ರ ಜನವರಿ ಕೊನೆಯಲ್ಲಿ ಇದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇರಾನಿನ ರಾಮ್ಸಾರ್ ನಗರದಲ್ಲಿ ೧೯೭೧ರಲ್ಲಿ ದೇಶದೇಶಗಳು ಮಾಡಿಕೊಂಡ ಒಪ್ಪಂದದಂತೆ, ಲೋಕಕ್ಕೆಲ್ಲ ಬೇಕಾದ ಜೌಗು ಮತ್ತು ಕೆರೆಗಳ ಪಟ್ಟಿ ಅದು.

ಅಂದೇ ಅದೇ ಪಟ್ಟಿಗೆ ಸೇರಿದ ಇನ್ನೊಂದು ಕೆರೆ ಗದಗ ಜಿಲ್ಲೆಯ ಮಾಗಡಿಯದು. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿದರೆ ಹೆಚ್ಚು ದೂರವಲ್ಲ. ಅಂಕಸಮುದ್ರದ ಅರ್ಧದಷ್ಟು ಮಾತ್ರ ಇರುವ ಆ ಕೆರೆಗೆ ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ದೊಡ್ಡ ಬೀಡುಗಳಲ್ಲಿ ಅದೊಂದು. ಹಗಲೆಲ್ಲ ನೀರಿನ ನಡುವೆ ವಿಶ್ರಮಿಸಿ, ಇರುಳಿಗೂ ನಸುಕಿಗೂ ಹೊಲಗಳಿಗೆ ಹಾರುವುದು ಅವುಗಳ ದಿನಚರಿ. ೧೯೫೩ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದು ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದಾಗ ಅಲ್ಲಿಯ ಜನ ಮನೆಮಠ ಬಿಟ್ಟು ಹೋಗಬೇಕಾಯಿತು. ಅವರು ಬಿಟ್ಟುಹೋದ ನೆಲದ ಮೇಲೆ ನಿಂತ ಹಿನ್ನೀರು ಹಕ್ಕಿಗಳಿಗೆ ಹೊಸ ಬೀಡಾಯಿತು. ಒಬ್ಬರ ಸಂಕಟದ ನೀರು ಇನ್ನೊಬ್ಬರ ನೆಲೆಯಾದ ಈ ಕಥೆಯನ್ನು ಬೇರೆಯಾಗಿಯೇ ಬರೆಯಬೇಕು.

ಕೊರಳಿಗೆ ಚುಚ್ಚಿದ ಈಟಿ

ಹಕ್ಕಿಯ ಪ್ರಯಾಣಕ್ಕೆ ಮೊದಲ ಸಾಕ್ಷಿ ದೊರೆತ ಬಗೆ ಕ್ರೂರವಾದುದು. ೧೮೨೨ರಲ್ಲಿ ಜರ್ಮನಿಯ ಒಂದು ಹಳ್ಳಿಯಲ್ಲಿ ಬಿಳಿಯ ಕೊಕ್ಕರೆಯೊಂದು ಕಾಣಿಸಿಕೊಂಡಿತು. ಅದರ ಕತ್ತಿನಲ್ಲಿ ಉದ್ದನೆಯ ಈಟಿಯೊಂದು ನಾಟಿಕೊಂಡಿತ್ತು. ಪರೀಕ್ಷಿಸಿದವರು ಅದು ಆಫ್ರಿಕದ ಈಟಿಯೆಂದು ತಿಳಿಸಿದರು. ಅಲ್ಲಿಯ ಬೇಟೆಗಾರನ ಏಟು ತಿಂದು, ಈಟಿಯನ್ನು ಹೊತ್ತುಕೊಂಡೇ ಅದು ಖಂಡವನ್ನು ದಾಟಿ ತನ್ನ ಗೂಡಿಗೆ ಮರಳಿತ್ತು. ಚಳಿಗಾಲದಲ್ಲಿ ಹಕ್ಕಿಗಳು ಕೆಸರಿನಲ್ಲಿ ಹುದುಗಿ ನಿದ್ರಿಸುತ್ತವೆಂದು ವಾದಿಸುತ್ತಿದ್ದ ಪಂಡಿತರಿಗೆ ಆ ಈಟಿ ಉತ್ತರ ಹೇಳಿತು. ಕೊಕ್ಕರೆಗೆ ಸಿಕ್ಕ ಬಹುಮಾನವೆಂದರೆ, ಅದನ್ನು ಹೊಡೆದು ಒಣಹುಲ್ಲು ತುಂಬಿ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದರು.

ಈಟಿಯ ಬದಲು ಉಂಗುರ ತೊಡಿಸಿದವನು ಡೆನ್ಮಾರ್ಕಿನ ಒಬ್ಬ ಶಾಲೆಯ ಉಪಾಧ್ಯಾಯ, ಹಾನ್ಸ್ ಕ್ರಿಸ್ಟಿಯನ್ ಮಾರ್ಟೆನ್ಸೆನ್. ೧೮೯೯ರಲ್ಲಿ ಅವನು ೧೬೫ ಕಬ್ಬಕ್ಕಿಗಳ ಕಾಲಿಗೆ ಅಲ್ಯೂಮಿನಿಯಮ್ಮಿನ ಹಗುರವಾದ ಉಂಗುರಗಳನ್ನು ತೊಡಿಸಿ, ಒಂದೊಂದರ ಮೇಲೂ ಸಂಖ್ಯೆಯನ್ನೂ ತನ್ನ ಊರಿನ ಹೆಸರನ್ನೂ ಕೊರೆದು ಬಿಟ್ಟನು. ಉಪಾಯ ಅಂಚೆಯ ಕಾಗದದಷ್ಟು ಸರಳ: ಹಕ್ಕಿ ಎಲ್ಲಿ ಸಿಕ್ಕರೂ ಸಿಕ್ಕವರು ವಿಳಾಸ ನೋಡಿ ಬರೆದು ತಿಳಿಸಲಿ. ಅವನ ಕಬ್ಬಕ್ಕಿಯ ಬಂಧುವಾದ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯದ ಕಡೆಯಿಂದ ಚಳಿಗಾಲದಲ್ಲಿ ಬಳ್ಳಾರಿಯ ಬಯಲಿಗೆ ಬಂದು ಜೋಳದ ತೆನೆಗಳ ಮೇಲೆ ಮೋಡದಂತೆ ಇಳಿಯುತ್ತದೆ. ಅಟ್ಟಣೆ ಹತ್ತಿ ಕವಣೆ ಬೀಸುವ ರೈತನಿಗೆ ಅದರ ಪಾಸುಪತ್ರ ನೋಡುವ ವ್ಯವಧಾನ ಎಲ್ಲಿಯದು!

ಭಾರತದಲ್ಲಿ ಈ ಕೆಲಸವನ್ನು ಕೈಗೊಂಡುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ೧೯೨೭ರ ಸುಮಾರಿಗೆ ಸಣ್ಣದಾಗಿ ಆರಂಭವಾದ ಉಂಗುರದ ಕೆಲಸ ದೊಡ್ಡದಾಗಿ ಬೆಳೆದುದಕ್ಕೆ ಕಾರಣ ಕರ್ನಾಟಕದ ಒಂದು ಕಾಡು ಎಂಬುದು ಅನೇಕರಿಗೆ ತಿಳಿಯದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಿಗೆ ಹೋದ ಜನರಿಗೂ ಜ್ವರ ಬಂದಿತು. ರೋಗಾಣುವನ್ನು ಪರೀಕ್ಷಿಸಿದಾಗ ಅದು ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಒಂದು ಮಿದುಳುಜ್ವರದ ರೋಗಾಣುವಿನ ಹತ್ತಿರದ ಬಂಧುವಾಗಿ ಕಂಡಿತು. ಸೈಬೀರಿಯದ ರೋಗ ಮಲೆನಾಡಿಗೆ ಬಂದುದು ಹೇಗೆ? ವಲಸೆಯ ಹಕ್ಕಿಗಳ ಮೈಗೆ ಅಂಟಿದ ಉಣ್ಣೆಗಳ ಮೂಲಕವೇ? ಈ ಸಂಶಯವನ್ನು ಪರಿಹರಿಸಲು ವಿಶ್ವ ಆರೋಗ್ಯ ಸಂಸ್ಥೆ ಹಣ ಒದಗಿಸಿತು. ೧೯೫೯ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ವಲಸೆಯ ಅಧ್ಯಯನ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಹಕ್ಕಿಗಳ ಕಾಲಿಗೆ ಉಂಗುರ ಬಿತ್ತು. ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವೆಂಬ ಆರೋಪ ರುಜುವಾತಾಗಲಿಲ್ಲ. ಆದರೆ ಆರೋಪಿಯನ್ನು ಹಿಂಬಾಲಿಸಿ ಹೋದ ಪತ್ತೇದಾರನಿಗೆ ಅವನ ಊರು, ಬಂಧುಬಳಗ, ಸಂಚಾರದ ದಾರಿ ಎಲ್ಲವೂ ತಿಳಿದುಬಂದಂತಾಯಿತು.

ಬೇಟೆಯವರ ಕೈಚಳಕ

ಹಕ್ಕಿಗೆ ಉಂಗುರ ತೊಡಿಸಬೇಕಾದರೆ ಮೊದಲು ಹಕ್ಕಿಯನ್ನು ಹಿಡಿಯಬೇಕು. ಗರಿ ಮುರಿಯದಂತೆ, ಕಾಲು ಉಳುಕದಂತೆ, ಎದೆಯೊಡೆದು ಸಾಯದಂತೆ ಹಿಡಿಯುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸೊಸೈಟಿಯ ವಿದ್ವಾಂಸರು ಅದಕ್ಕಾಗಿ ಬಿಹಾರದ ಮೀರ್ ಶಿಕಾರರನ್ನು, ಎಂದರೆ ಹಕ್ಕಿ ಹಿಡಿಯುವುದನ್ನೇ ಕುಲವೃತ್ತಿಯಾಗಿ ಉಳ್ಳವರನ್ನು, ಆಶ್ರಯಿಸಿದರು. ಅವರಲ್ಲಿ ಅಲಿ ಹುಸೇನ್ ಎಂಬ ಕುಶಲಿಯ ಹೆಸರು ಪಕ್ಷಿಶಾಸ್ತ್ರಜ್ಞರ ವಲಯದಲ್ಲಿ ಮನೆಮಾತು. ಬಿದಿರುಕಡ್ಡಿ, ದಾರದ ಕುಣಿಕೆ, ಹಕ್ಕಿಯ ಕೂಗಿನ ಅನುಕರಣೆ ಇವೇ ಆ ಜನರ ಉಪಕರಣಗಳು. ಕರ್ನಾಟಕದ ಹಕ್ಕಿಪಿಕ್ಕಿ ಜನರ ಹಿರಿಯರೂ ಇಂತಹ ವಿದ್ಯೆಯನ್ನು ಬಲ್ಲವರೇ. ಹೊಟ್ಟೆಪಾಡಿಗೆಂದು ಕಲಿತ ಬೇಟೆಯ ಚಳಕ ಹಕ್ಕಿಯನ್ನು ಕಾಪಾಡುವ ಕೆಲಸಕ್ಕೆ ಒದಗಿತೆಂಬುದು ಸಂತೋಷದ ಸಂಗತಿ. ಉಂಗುರ ತೊಡಿಸಿದವರ ಹೆಸರು ಗ್ರಂಥಗಳಲ್ಲಿ ಬಂದಷ್ಟು, ಹಿಡಿದುಕೊಟ್ಟವರ ಹೆಸರು ಬಂದಿಲ್ಲವೆಂಬುದೂ ಅಷ್ಟೇ ನಿಜ.

ಹೆಬ್ಬಾತುಗಳ ತವರಿನಲ್ಲಿ ಹಿಡಿಯುವ ಬಗೆಯೇ ಬೇರೆ. ಮಂಗೋಲಿಯದ ಪರ್ವತಗಳ ನಡುವೆ ತೆರ್ಹಿನ್ ತ್ಸಗಾನ್ ಎಂಬ ಸರೋವರವಿದೆ. ಮರಿ ಮಾಡಿ ಮುಗಿದ ಮೇಲೆ, ಬೇಸಗೆಯ ನಡುವಿನಲ್ಲಿ ಹೆಬ್ಬಾತುಗಳು ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಒಮ್ಮೆಗೇ ಉದುರಿಸುತ್ತವೆ. ಹೊಸ ಗರಿ ಮೂಡುವವರೆಗೆ ಮೂರು ನಾಲ್ಕು ವಾರ ಅವು ಹಾರಲಾರವು. ಹಿಮಾಲಯವನ್ನು ದಾಟುವ ಹಕ್ಕಿ ಆ ಕಾಲದಲ್ಲಿ ಸಾಕಿದ ಬಾತಿಗಿಂತ ಹೆಚ್ಚಿನದಲ್ಲ. ವಿಜ್ಞಾನಿಗಳು ಸಣ್ಣ ದೋಣಿಗಳಲ್ಲಿ ಕುಳಿತು, ಕುರಿ ಅಟ್ಟಿದಂತೆ ಮೆಲ್ಲಮೆಲ್ಲಗೆ ಅವನ್ನು ದಂಡೆಯ ಕಡೆಗೆ ಅಟ್ಟಿ, ಬಲೆಯ ದೊಡ್ಡಿಗೆ ತುಂಬುತ್ತಾರೆ. ತೂಕ ನೋಡಿ, ರಕ್ತದ ಹನಿ ತೆಗೆದು, ಕಾಲಿಗೆ ಉಂಗುರವನ್ನೂ ಕೊರಳಿಗೆ ದೊಡ್ಡ ಅಕ್ಷರಗಳುಳ್ಳ ಬಣ್ಣದ ಪಟ್ಟಿಯನ್ನೂ ತೊಡಿಸಿ ಬಿಡುತ್ತಾರೆ.

ಕೊರಳಪಟ್ಟಿಯ ಅನುಕೂಲ ದೊಡ್ಡದು. ಕಾಲಿನ ಉಂಗುರವನ್ನು ಓದಬೇಕಾದರೆ ಹಕ್ಕಿ ಮತ್ತೆ ಕೈಗೆ ಸಿಗಬೇಕು, ಇಲ್ಲವೆ ಸತ್ತು ಬೀಳಬೇಕು. ಉಂಗುರ ತೊಟ್ಟ ನೂರು ಸಣ್ಣ ಹಕ್ಕಿಗಳಲ್ಲಿ ಒಂದರ ಸುದ್ದಿ ಮರಳಿದರೆ ಅದೇ ಹೆಚ್ಚು. ಕೊರಳಪಟ್ಟಿಯನ್ನಾದರೋ ದಂಡೆಯ ಮೇಲೆ ಕುಳಿತು ದೂರದರ್ಶಕದಲ್ಲಿ ಓದಿಕೊಳ್ಳಬಹುದು. ಹಕ್ಕಿಗೆ ಅದರ ಪರಿವೆಯೂ ಇರುವುದಿಲ್ಲ. ಮೈಸೂರು ಜಿಲ್ಲೆಯ ಹದಿನಾರು ಗ್ರಾಮದ ಕೆರೆಯಲ್ಲಿ ಹೀಗೆ ಮಂಗೋಲಿಯದ ಕೊರಳಪಟ್ಟಿ ತೊಟ್ಟ ಹೆಬ್ಬಾತುಗಳನ್ನು ಹಕ್ಕಿಪ್ರಿಯರು ಗುರುತಿಸಿದ್ದಾರೆ. ಉತ್ತರಕ್ಕೆ ನೀಡಿದ ಕೈಯ ತುದಿಯಲ್ಲಿ ಹೀಗೆ ಒಂದು ಸರೋವರದ ಹೆಸರು ಮೂಡಿತು. ಈ ಹಕ್ಕಿಗೆ ಶಾಸ್ತ್ರಜ್ಞರು ೧೭೯೦ರಲ್ಲಿ ಇಟ್ಟ ಹೆಸರಿನಲ್ಲಿ ‘ಇಂಡಿಕಸ್’, ಭಾರತದ್ದು, ಎಂಬ ಪದವಿದೆ. ಲಡಾಖಿನ ಸರೋವರಗಳಲ್ಲಿ ಕೆಲವು ಮರಿಮಾಡುವುದುಂಟಾದರೂ, ಬಹುಪಾಲಿಗೆ ತವರು ಟಿಬೆಟ್, ಚೀನ, ಮಂಗೋಲಿಯಗಳೇ. ಮದುವೆಯಾಗಿ ಬಂದವಳನ್ನು ಗಂಡನ ಊರಿನ ಹೆಸರಿನಿಂದ ಕರೆದ ಹಾಗಾಯಿತು.

ಬೆನ್ನ ಮೇಲಿನ ಯಂತ್ರ

ಕೊರಳಪಟ್ಟಿ ಎರಡು ತುದಿಗಳನ್ನು ಹೇಳಬಲ್ಲದು. ನಡುವಣ ದಾರಿಯನ್ನು ಹೇಳಲಾರದು. ಅದಕ್ಕೆ ಬೇಕಾದುದು ಆಕಾಶದಲ್ಲೊಂದು ಕಿವಿ. ೧೯೭೮ರಿಂದ ಆರ್ಗೋಸ್ ಎಂಬ ಉಪಗ್ರಹ ವ್ಯವಸ್ಥೆ ಆ ಕಿವಿಯ ಕೆಲಸ ಮಾಡುತ್ತಿದೆ. ಕೊಟ್ಟೂರಿನ ರೈಲುನಿಲ್ದಾಣದಲ್ಲಿ ನಿಂತವರು ಗಾಡಿಯ ಸಿಳ್ಳನ್ನು ಗಮನಿಸಿರಬಹುದು: ಗಾಡಿ ಹತ್ತಿರ ಬರುವಾಗ ಸದ್ದು ತೀಕ್ಷ್ಣ, ದಾಟಿ ಹೋದೊಡನೆ ಸ್ವರ ಇಳಿಯುತ್ತದೆ. ಹಕ್ಕಿಯ ಬೆನ್ನಿನ ಯಂತ್ರ ಒಂದೇ ಸ್ವರದಲ್ಲಿ ರೇಡಿಯೋ ಸಂಕೇತ ಕಳುಹಿಸುತ್ತದೆ. ಮೇಲೆ ಓಡುವ ಉಪಗ್ರಹಕ್ಕೆ ಆ ಸ್ವರ ಏರಿ ಇಳಿದಂತೆ ಕೇಳಿಸುತ್ತದೆ. ಏರಿಳಿತದ ಲೆಕ್ಕದಿಂದ ಹಕ್ಕಿ ಇದ್ದ ಸ್ಥಳವನ್ನು ಗುಣಿಸಿ ತೆಗೆಯುತ್ತಾರೆ. ಅನಂತರ ಬಂದ ಯಂತ್ರಗಳು ಜಿ.ಪಿ.ಎಸ್. ಮೂಲಕ ತಮ್ಮ ಸ್ಥಾನವನ್ನು ತಾವೇ ಹೆಚ್ಚು ನಿಖರವಾಗಿ ಕಂಡುಕೊಳ್ಳುತ್ತವೆ. ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯುತ್ತವೆ.

ಭಾರತ ಹುಣ್ಣಿಮೆಯ ಕಾಲದಲ್ಲಿ, ಈ ಹೆಬ್ಬಾತುಗಳು ಇನ್ನೂ ನಾಡಿನಲ್ಲಿರುವಾಗಲೇ, ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರ್ಣಿಕ ನಡೆಯುತ್ತದೆ. ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬರುವುದು ಒಂದೇ ಸಾಲಿನ ಮಾತು. ಅದನ್ನು ಕೇಳಿಕೊಂಡು ಹೋಗಿ ವರ್ಷದ ಮಳೆಬೆಳೆಯನ್ನೆಲ್ಲ ಅದರಿಂದ ಬಿಡಿಸಿಕೊಳ್ಳುತ್ತಾರೆ. ಸಾವಿರಾರು ಮೈಲಿಗಳ ಆಚೆ ಕುಳಿತ ವಿಜ್ಞಾನಿಯ ಪಾಡೂ ಹೆಚ್ಚುಕಡಿಮೆ ಹೀಗೆಯೇ. ಹಕ್ಕಿಯಿಂದ ಬರುವುದು ಕೆಲವು ಅಂಕಿಗಳ ಒಂದು ಸಾಲು. ಅದು ಬರುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು, ಬಂದ ಮೇಲೆ ಅರ್ಥ ಬಿಡಿಸಬೇಕು.

ಹಾಗೆ ಬಿಡಿಸಿದ ಅರ್ಥಗಳು ಸೋಜಿಗ ಹುಟ್ಟಿಸುವಂತಹವು. ಭಾರತ ಮತ್ತು ಮಂಗೋಲಿಯಗಳಲ್ಲಿ ಯಂತ್ರ ಕಟ್ಟಿದ ಹೆಬ್ಬಾತುಗಳ ದಾರಿಯನ್ನು ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾನಿಲಯದ ಲೂಸಿ ಹಾಕ್ಸ್, ಚಾರ್ಲ್ಸ್ ಬಿಷಪ್ ಮತ್ತು ಅವರ ಸಂಗಡಿಗರು ೨೦೧೧ರಲ್ಲಿ ಪ್ರಕಟಿಸಿದರು. ಹಿಮಾಲಯದ ಬುಡದಿಂದ ಹೊರಟ ಹಕ್ಕಿ ಏಳೆಂಟು ಗಂಟೆಗಳಲ್ಲಿ ಪರ್ವತವನ್ನು ಏರಿ ದಾಟಿಬಿಡುತ್ತದೆ. ಹಗಲಿನಲ್ಲಿ ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿ ನೆರವಾಗುತ್ತದೆಂದು ಎಲ್ಲರೂ ಊಹಿಸಿದ್ದರು. ಹಕ್ಕಿ ಆ ಗಾಳಿಯನ್ನು ಕಾಯಲೇ ಇಲ್ಲ. ಗಾಳಿ ತಣ್ಣಗಾಗಿ ದಟ್ಟವಾಗಿರುವ ಇರುಳಿನಲ್ಲಿ, ನಸುಕಿನಲ್ಲಿ, ತನ್ನ ರೆಕ್ಕೆಯ ಬಲದಿಂದಲೇ ಏರಿತು. ಆಮ್ಲಜನಕ ವಿರಳವಾದ ಎತ್ತರದಲ್ಲಿ ಮನುಷ್ಯನಿಗೆ ಹತ್ತು ಹೆಜ್ಜೆ ಇಡುವುದು ಕಷ್ಟ. ಈ ಹಕ್ಕಿಯ ರಕ್ತಕ್ಕೆ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಹುಟ್ಟಿನಿಂದ ಬಂದಿದೆ.

ಒಂದು ದಂತಕಥೆಯೂ ಕರಗಿತು. ಎವರೆಸ್ಟ್ ಶಿಖರದ ಮೇಲೆ ಹೆಬ್ಬಾತುಗಳು ಹಾರಿದುದನ್ನು ಕಂಡೆವೆಂದು ೧೯೫೩ರ ಪರ್ವತಾರೋಹಿಗಳ ಕಾಲದಿಂದ ಮಾತು ಹಬ್ಬಿತ್ತು. ೨೦೧೩ರಲ್ಲಿ ೯೧ ಹಕ್ಕಿಗಳ ದಾರಿಯನ್ನು ಲೆಕ್ಕ ಹಾಕಿ ನೋಡಿದಾಗ ದೊರೆತ ಅತಿ ಹೆಚ್ಚಿನ ಎತ್ತರ ೭,೨೯೦ ಮೀಟರು. ಬಹುಮಟ್ಟಿಗೆ ಅವು ಐದೂವರೆ ಸಾವಿರ ಮೀಟರಿನ ಕೆಳಗೇ ಹಾರಿದ್ದವು. ಎತ್ತರಕ್ಕೆ ಏರಿ ನೇರವಾಗಿ ಹೋಗುವುದಕ್ಕಿಂತ ನೆಲದ ಏರಿಳಿತವನ್ನು ಅನುಸರಿಸಿ, ಗುಡ್ಡ ಬಂದರೆ ಏರಿ, ಕಣಿವೆ ಬಂದರೆ ಇಳಿದು ಸಾಗುವುದೇ ಅವಕ್ಕೆ ಕಡಿಮೆ ಶ್ರಮದ್ದೆಂದು ೨೦೧೫ರ ಇನ್ನೊಂದು ಅಧ್ಯಯನ ತೋರಿಸಿತು. ಏರಿದ ಎತ್ತರವನ್ನು ಇಳಿದು ಕಳೆದುಕೊಳ್ಳುವುದು ವ್ಯರ್ಥವೆಂದು ತೋರಬಹುದು. ಆದರೆ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವ ಕಷ್ಟ ಅದಕ್ಕಿಂತ ಹೆಚ್ಚಿನದು.

ಕಾಳಿದಾಸನ ಓದುಗರಿಗೆ ಇಲ್ಲಿ ಬೇರೊಂದು ನೆನಪು ಬರಬೇಕು. ಮೇಘದೂತದ ರಾಜಹಂಸಗಳು ಮಳೆಗಾಲದ ಮೊದಲಿಗೆ ಮಾನಸ ಸರೋವರಕ್ಕೆ ಹೊರಡುತ್ತವೆ. ಹಿಮಾಲಯದ ಕ್ರೌಂಚರಂಧ್ರವೆಂಬ ಕಿಂಡಿ ಅವುಗಳ ಬಾಗಿಲು. ಆ ಹಂಸ ಈ ಹೆಬ್ಬಾತೇ ಇರಬಹುದೆಂದು ಊಹಿಸಿದ ವಿದ್ವಾಂಸರುಂಟು. ಊಹೆ ನಿಲ್ಲಲಿ, ಬಿಡಲಿ. ಶಿಖರದ ಮೇಲಿಂದಲ್ಲ, ಕಣಿವೆಯ ಸಂದಿನಿಂದ ಹಕ್ಕಿ ದಾಟುತ್ತದೆಂಬಲ್ಲಿ ಪರ್ವತಾರೋಹಿಗಳಿಗಿಂತ ಕವಿಯೇ ಯಂತ್ರಕ್ಕೆ ಹತ್ತಿರ ನಿಂತಂತೆ ಕಾಣುತ್ತದೆ.

ಹೊರೆ ಯಾರಿಗಾಗಿ?

ಇಷ್ಟೆಲ್ಲ ತಿಳಿಯಲು ಹಕ್ಕಿ ತೆತ್ತ ಬೆಲೆಯೇನು? ಈ ಪ್ರಶ್ನೆಯನ್ನು ಮರೆತರೆ ವಿಜ್ಞಾನ ಬೇಟೆಯ ಮತ್ತೊಂದು ರೂಪವಾದೀತು. ಯಂತ್ರದ ತೂಕ ಹಕ್ಕಿಯ ತೂಕದಲ್ಲಿ ನೂರಕ್ಕೆ ಮೂರು ಪಾಲನ್ನು ಮೀರಬಾರದೆಂಬುದು ಸಾಮಾನ್ಯವಾಗಿ ಪಾಲಿಸುವ ಕಟ್ಟಳೆ. ಎರಡೂವರೆ ಕಿಲೋ ತೂಗುವ ಹೆಬ್ಬಾತಿಗೆ ಎಪ್ಪತ್ತೈದು ಗ್ರಾಂ. ಹೊಲದಿಂದ ಬರುವ ಹೆಂಗಸು ಕಂಕುಳಲ್ಲಿ ಹೊತ್ತುತರುವ ಸಣ್ಣ ಸೊಪ್ಪಿನ ಕಟ್ಟಿನಷ್ಟು ಎಂದು ಸಮಾಧಾನ ಹೇಳಬಹುದು. ಆದರೆ ಆಕೆ ಅದನ್ನು ಮನೆಯಲ್ಲಿ ಇಳಿಸುತ್ತಾಳೆ, ಹಕ್ಕಿ ಇಳಿಸುವಂತಿಲ್ಲ. ಬೆನ್ನಿಗೆ ಕಟ್ಟಿದ ಪಟ್ಟಿ ಸಡಿಲವಾದರೆ ರೆಕ್ಕೆ ಸಿಕ್ಕಿಕೊಳ್ಳುತ್ತದೆ, ಬಿಗಿಯಾದರೆ ಚರ್ಮ ಒರೆಯುತ್ತದೆ. ಹಿಮದ ನಾಡುಗಳಲ್ಲಿ ಕೊರಳಪಟ್ಟಿಯ ಮೇಲೆ ಮಂಜುಗಡ್ಡೆ ಕಟ್ಟಿದುದುಂಟು. ೨೦೧೫ರ ಅಧ್ಯಯನಕ್ಕಾಗಿಯಂತೂ ಏಳು ಹೆಬ್ಬಾತುಗಳಿಗೆ ಅರಿವಳಿಕೆ ಕೊಟ್ಟು, ಶಸ್ತ್ರಕ್ರಿಯೆ ಮಾಡಿ, ಎದೆಬಡಿತವನ್ನು ಬರೆದಿಡುವ ಸಣ್ಣ ಯಂತ್ರವನ್ನು ಒಡಲಿನಲ್ಲಿಯೇ ಇಡಲಾಗಿತ್ತು. ಅವು ಹಿಮಾಲಯವನ್ನು ದಾಟಿ ಹೋಗಿ, ಮರುವರ್ಷ ಅದೇ ಸರೋವರಕ್ಕೆ ಗರಿ ಉದುರಿಸಲು ಬಂದಾಗ ಮತ್ತೆ ಹಿಡಿದು ಯಂತ್ರವನ್ನು ತೆಗೆದರು. ಕೆಲವರಿಗೆ ಇದು ಮೆಚ್ಚುಗೆಯಾಗದು. ಅವರನ್ನು ಅಜ್ಞರೆಂದು ಹೀಗಳೆಯಲು ಕಾರಣವಿಲ್ಲ.

ಆದರೂ ಇನ್ನೊಂದು ಪಕ್ಕದ ತಕ್ಕಡಿಯನ್ನೂ ನೋಡಬೇಕು. ೨೦೦೫ರಲ್ಲಿ ಚೀನದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಡಿದು ಸುಮಾರು ಆರು ಸಾವಿರ ಕಾಡುಹಕ್ಕಿಗಳು ಸತ್ತವು. ಹೆಚ್ಚು ಸತ್ತವು ಪಟ್ಟೆತಲೆಯ ಹೆಬ್ಬಾತುಗಳೇ. ಲೋಕದಲ್ಲೆಲ್ಲ ಭಯ ಹಬ್ಬಿತು. ಕೋಳಿಯ ದೊಡ್ಡಿಗಳಿಗೆ ರೋಗ ತಂದವು ಈ ಹಕ್ಕಿಗಳೇ ಎಂಬ ಮಾತೂ ಎದ್ದಿತು. ಕ್ಯಾಸನೂರಿನ ಕಾಲದ ಪ್ರಶ್ನೆಯೇ ಮತ್ತೆ ಬಂದಂತಾಯಿತು. ಅಮೆರಿಕದ ವಿಜ್ಞಾನಿಗಳೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯೂ ಕೂಡಿ ಹೆಬ್ಬಾತುಗಳಿಗೆ ಯಂತ್ರ ಕಟ್ಟಲು ಮುಂದಾದುದು ಇದರ ಬೆನ್ನಿಗೇ. ಹಕ್ಕಿಯ ದಾರಿಯನ್ನೂ ರೋಗದ ದಾರಿಯನ್ನೂ ಒಂದೇ ನಕ್ಷೆಯ ಮೇಲಿಟ್ಟು ನೋಡುವುದು ಅದರಿಂದ ಸಾಧ್ಯವಾಯಿತು. ನಕ್ಷೆಯಿಲ್ಲದಿದ್ದರೆ ಉಳಿಯುವುದು ಭಯ ಮಾತ್ರ; ಭಯಗೊಂಡ ಮನುಷ್ಯನ ಕೈಗೆ ಮೊದಲು ಸಿಗುವುದು ಕಲ್ಲು.

ಯಂತ್ರವೊಂದು ಜನರ ಮನಸ್ಸನ್ನು ತಿರುಗಿಸಬಲ್ಲುದೆಂಬುದಕ್ಕೆ ನಾಗಾಲ್ಯಾಂಡಿನ ಉದಾಹರಣೆ ಇದೆ. ದೊಯಾಂಗ್ ಜಲಾಶಯದ ಬಳಿ ೨೦೧೨ರಲ್ಲಿ ಅಮೂರ್ ಚಾಣಗಳೆಂಬ ವಲಸೆ ಹಕ್ಕಿಗಳನ್ನು ಬಲೆಯೊಡ್ಡಿ ಲಕ್ಷಗಟ್ಟಲೆ ಕೊಂದರೆಂಬ ಸುದ್ದಿ ದೇಶವನ್ನು ಕಲಕಿತು. ಮರುವರ್ಷ ಕೊಲೆ ನಿಂತಿತು. ಆ ನವೆಂಬರಿನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಮತ್ತು ಹಂಗೇರಿಯ ತಜ್ಞರು ಮೂರು ಹಕ್ಕಿಗಳಿಗೆ ಐದು ಗ್ರಾಮಿನ ಯಂತ್ರಗಳನ್ನು ಕಟ್ಟಿ, ನಾಗಾ, ವೋಖಾ, ಪಾಂಗ್ತಿ ಎಂದು ಆ ಜನರ, ಅವರ ಜಿಲ್ಲೆಯ, ಅವರ ಹಳ್ಳಿಯ ಹೆಸರುಗಳನ್ನೇ ಇಟ್ಟರು. ತಮ್ಮ ಹಳ್ಳಿಯ ಹೆಸರು ಅರಬ್ಬೀ ಸಮುದ್ರವನ್ನು ದಾಟಿ ಆಫ್ರಿಕವನ್ನು ಮುಟ್ಟಿತೆಂದು ಕೇಳಿದ ಊರಿನವರು ಆ ಹಕ್ಕಿಯನ್ನು ಮತ್ತೆ ಮೊದಲಿನ ಕಣ್ಣಿನಿಂದ ನೋಡಲಾರದೆ ಹೋದರು.

ಕಡಲಿನಲ್ಲಿಯೂ ಇದೇ ವಿದ್ಯೆ ನಡೆದಿದೆ. ಸ್ವಭಾವದಲ್ಲಿ ಸಾಧುವಾದ, ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ಶಾರ್ಕನ್ನು ಸೌರಾಷ್ಟ್ರದ ಕರಾವಳಿಯಲ್ಲಿ ಎಣ್ಣೆಗೂ ಮಾಂಸಕ್ಕೂ ಕೊಲ್ಲುತ್ತಿದ್ದರು. ೨೦೦೧ರಲ್ಲಿ ಕಾನೂನು ಅದನ್ನು ಕಾಪಾಡಿತು. ಬಲೆಗೆ ಸಿಕ್ಕಿದುದನ್ನು ಬೆಸ್ತರೇ ಬಲೆ ಕತ್ತರಿಸಿ ಬಿಡತೊಡಗಿದರು, ಹರಿದ ಬಲೆಗೆ ಪರಿಹಾರ ದೊರೆಯಿತು. ೨೦೧೧ರಲ್ಲಿ ಅಂತಹ ಒಂದು ಮೀನಿಗೆ ಉಪಗ್ರಹದ ಯಂತ್ರವನ್ನು ತೊಡಿಸಿದರು. ರೇಡಿಯೋ ಅಲೆ ಉಪ್ಪುನೀರನ್ನು ಭೇದಿಸದ ಕಾರಣ, ಮೀನು ಮೇಲಕ್ಕೆ ಬಂದಾಗ ಮಾತ್ರ ಯಂತ್ರಕ್ಕೆ ಬಾಯಿ ಬರುತ್ತದೆ. ಯಂತ್ರವಿಲ್ಲದೆಯೂ ಅದನ್ನು ಗುರುತಿಸುವ ಉಪಾಯ ಒಂದಿದೆ. ಅದರ ಮೈಮೇಲಿನ ಬಿಳಿಯ ಚುಕ್ಕೆಗಳು ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳನ್ನು ಹೋಲಿಸಲು ಖಗೋಳಜ್ಞರು ಬಳಸುವ ಗಣಿತದಿಂದಲೇ ಆ ಚುಕ್ಕೆಗಳನ್ನೂ ಹೋಲಿಸುತ್ತಾರೆ. ಹೆಬ್ಬಾತಿಗೆ ಆ ಭಾಗ್ಯವಿಲ್ಲ. ಸಾವಿರ ಹಕ್ಕಿಗಳ ತಲೆಯ ಮೇಲೂ ಅವೇ ಎರಡು ಪಟ್ಟೆಗಳು.

ಕೆರೆಯ ಮಾತು

ಯಂತ್ರ ದಾರಿಯನ್ನು ತೋರಿಸಬಹುದು. ದಾರಿಯ ಕೊನೆಯಲ್ಲಿ ನೀರನ್ನು ತುಂಬಲಾರದು. ಅಂಕಸಮುದ್ರದ ಕೆರೆ ಬತ್ತಿದರೆ, ಅಲ್ಲಿಯ ಕರಿಜಾಲಿ ಒಣಗಿದರೆ, ಉಪಗ್ರಹಕ್ಕೆ ಅದೊಂದು ನಷ್ಟದ ಅಂಕಿ ಮಾತ್ರ. ಒಣನೆಲದ ಮರವಾದ ಜಾಲಿ ವರ್ಷವಿಡೀ ನೀರಿನಲ್ಲಿ ನಿಂತು, ಸಾವಿರಾರು ಹಕ್ಕಿಗಳ ಹಿಕ್ಕೆಯನ್ನು ಮೈಮೇಲೆ ಹೊತ್ತು ಎಷ್ಟು ಕಾಲ ಬಾಳಬಲ್ಲುದು? ಕೆರೆ ತುಂಬಬೇಕು, ಆದರೆ ಮರದ ಬುಡಕ್ಕೆ ಉಸಿರಾಡಲು ಎಡೆಯೂ ಬೇಕು. ಹಳೆಯ ಮರ ಸಾಯುವ ಮೊದಲು ಹೊಸ ಗಿಡ ಎದ್ದಿರಬೇಕು. ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಹತ್ತಿರದವರೇ. ಸಂರಕ್ಷಣಾ ಮೀಸಲು ಎಂಬ ಹೆಸರಿನ ವಿಶೇಷವೂ ಅದೇ: ೨೦೦೨ರಲ್ಲಿ ವನ್ಯಜೀವಿ ಕಾನೂನಿಗೆ ಸೇರಿದ ಈ ವಿಧದಲ್ಲಿ ಸುತ್ತಲಿನ ಜನರನ್ನು ಕೇಳಿಯೇ ಮೀಸಲನ್ನು ಘೋಷಿಸಬೇಕು, ಅದರ ಆಡಳಿತ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿಗೂ ಸ್ಥಾನವುಂಟು.

ರೈತನ ಮಾತನ್ನೂ ಕೇಳಬೇಕು. ಹೆಬ್ಬಾತು ಸೊಗಸಿಗಾಗಿ ಬರುವ ಹಕ್ಕಿಯಲ್ಲ, ಹೊಟ್ಟೆಗಾಗಿ ಬರುವ ಹಕ್ಕಿ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯನ್ನು ತಿಂದರೆ ಯಾರಿಗೂ ನಷ್ಟವಿಲ್ಲ. ಎಳೆಯ ಕಡಲೆ, ಗೋಧಿಯ ಮೇಲೆ ಹಿಂಡು ಇಳಿದರೆ ಇರುಳು ಕಾಯುವ ರೈತನಿಗೆ ಅದು ಹಿಮಾಲಯ ದಾಟಿ ಬಂದ ವೀರನೆಂದು ತೋರುವುದಿಲ್ಲ. ಸೌರಾಷ್ಟ್ರದ ಬೆಸ್ತನಿಗೆ ಹರಿದ ಬಲೆಯ ಬೆಲೆ ಸಿಕ್ಕಿದಂತೆ ಇವನಿಗೂ ತುಳಿದ ಪೈರಿನ ಬೆಲೆ ಸಕಾಲಕ್ಕೆ ಸಿಕ್ಕಬೇಕಾದುದು ನ್ಯಾಯ. ನಗರದಿಂದ ದುರ್ಬೀನು ಹಿಡಿದು ಬರುವವರು ಬದುವಿನ ಮೇಲೆ ನಡೆಯುವಾಗ ಇದನ್ನು ನೆನೆಯುವುದು ಒಳ್ಳೆಯದು.

ಜನವರಿಯಲ್ಲಿ ಏಷ್ಯದ ಅನೇಕ ದೇಶಗಳಲ್ಲಿ ೧೯೮೭ರಿಂದ ನೀರುಹಕ್ಕಿಗಳ ಎಣಿಕೆ ನಡೆಯುತ್ತ ಬಂದಿದೆ. ಸಂಬಳವಿಲ್ಲದೆ ಅದನ್ನು ಮಾಡುವವರಲ್ಲಿ ಶಾಲೆಯ ಉಪಾಧ್ಯಾಯರು, ವೈದ್ಯರು, ವಿದ್ಯಾರ್ಥಿಗಳು ಬಹಳ. ಮಕ್ಕಳನ್ನು ಕರೆದುಕೊಂಡು ಕೆರೆಯ ಏರಿಯ ಮೇಲೆ ಹೋಗುವ ಗೃಹಸ್ಥರೂ ಈ ಕೆಲಸದಲ್ಲಿ ಪಾಲುಗೊಳ್ಳಬಹುದು. ಹೆಬ್ಬಾತುಗಳ ಹಿಂಡಿನಲ್ಲಿ ಒಂದರ ಕೊರಳಲ್ಲಿ ಬಣ್ಣದ ಪಟ್ಟಿ ಕಂಡರೆ ಹತ್ತಿರ ಹೋಗಬಾರದು. ಕೂತಲ್ಲಿಯೇ ಕೂತು ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ಅಕ್ಷರದ ಬಣ್ಣ, ದಿನಾಂಕ, ಕೆರೆಯ ಹೆಸರು, ಜೊತೆಯಲ್ಲಿದ್ದ ಹಕ್ಕಿಗಳ ಸಂಖ್ಯೆ ಇಷ್ಟನ್ನು ಬರೆದುಕೊಂಡು, ಸಾಧ್ಯವಾದರೆ ಒಂದು ಚಿತ್ರವನ್ನೂ ತೆಗೆದು, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಬೇಕು. ಅಂಕಿ ಅರ್ಧ ಮಾತ್ರ ಓದಲು ಬಂದಿದ್ದರೆ ಅರ್ಧವನ್ನೇ ಬರೆಯಬೇಕು, ಊಹಿಸಿ ತುಂಬಬಾರದು. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಸಿಕ್ಕಿದರೆ ಹಕ್ಕಿಯನ್ನು ಕೈಯಿಂದ ಮುಟ್ಟದೆ, ಉಂಗುರದ ಮೇಲಿನ ಬರಹವನ್ನು ಓದಿ, ಅರಣ್ಯ ಇಲಾಖೆಯವರಿಗೆ ಒಡನೆ ತಿಳಿಸಬೇಕು. ಮಾರ್ಚಿ ತಿಂಗಳು ಹುಟ್ಟುವ ಮೊದಲೇ ನೋಡಿಕೊಳ್ಳುವುದು ಮೇಲು. ಆಮೇಲೆ ಒಂದು ಮುಂಜಾನೆ ಹೋದರೆ ಹಿನ್ನೀರಿನ ಅಂಚಿನ ಕೆಸರಿನಲ್ಲಿ ಜಾಲಪಾದದ ಗುರುತುಗಳು ಮಾತ್ರ ಇರುತ್ತವೆ.